ಒಬ್ಬರೇ ದುಡಿಯುವವರಿಗೆ ಕೆಲಸದ ಲೆಕ್ಕ ಇಡಲು ಯಾವ ಸಾಧನ ಸೂಕ್ತ?

ಪ್ರಶ್ನೆ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿದವಳು. ಕಳೆದ 6 ವರ್ಷಗಳಿಂದ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡು ಮನೆಗಳ ಪ್ಲಾನ್, ಎಸ್ಟಿಮೇಟ್ ಮತ್ತು ವರ್ಕಿಂಗ್ ಡ್ರಾಯಿಂಗ್ ಮಾಡಿಕೊಡುತ್ತಿದ್ದೇನೆ. ಸಹಾಯಕರು ಯಾರೂ ಇಲ್ಲ. ಸೈಟಿಗೆ ಹೋಗಿ ಅಳತೆ ತೆಗೆಯುವುದು, ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು, ಪ್ರಿಂಟ್ ತೆಗೆಸುವುದು, ಬಿಲ್ಲು ಬರೆಯುವುದು, ಉಳಿದ ಹಣ ಕೇಳುವುದು ಎಲ್ಲವೂ ನನ್ನ ಪಾಲಿನದೇ. ಯಾವ ಹೊತ್ತಿನಲ್ಲಿ ನೋಡಿದರೂ 12ರಿಂದ 15 ಮನೆಗಳ ಕೆಲಸ ಒಂದಲ್ಲ ಒಂದು ಹಂತದಲ್ಲಿರುತ್ತದೆ. ಆಷಾಢದಲ್ಲಿ ಯಾರೂ ಗುದ್ದಲಿ ಪೂಜೆ ಇಟ್ಟುಕೊಳ್ಳದ ಕಾರಣ ತುಸು ಬಿಡುವು ಸಿಗುತ್ತದೆಯಾದರೂ, ಶ್ರಾವಣ ಹತ್ತಿರ ಬಂದಂತೆ ಎಲ್ಲರಿಗೂ ಒಂದೇ ಮುಹೂರ್ತಕ್ಕೆ ಪ್ಲಾನ್ ಬೇಕಾಗುತ್ತದೆ.

ಇಷ್ಟು ದಿನ ಒಂದು ಡೈರಿಯಲ್ಲಿ ಎಲ್ಲವನ್ನೂ ಬರೆದುಕೊಂಡು, ಮುಗಿದದ್ದಕ್ಕೆ ಟಿಕ್ ಹಾಕುತ್ತಿದ್ದೆ. ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ 7 ಗಂಟೆಗೆ ಗೌಂಡಿಯೊಬ್ಬರು ಫೋನ್ ಮಾಡಿ, ಸೆಂಟ್ರಿಂಗ್ ಮುಗಿದು ಎರಡು ದಿನವಾಯಿತು, ಸ್ಲ್ಯಾಬಿನ ಕಬ್ಬಿಣದ ಡ್ರಾಯಿಂಗ್ ಎಲ್ಲಿ ಎಂದು ಕೇಳಿದರು. ಡೈರಿ ತೆಗೆದು ನೋಡಿದರೆ ಆ ಕೆಲಸದ ಮುಂದೆ ಟಿಕ್ ಇತ್ತು. ನಾನು ನನ್ನ ಪಾಲಿನ ಡ್ರಾಯಿಂಗ್ ಮಾಡಿ, ಪರಿಶೀಲನೆಗೆಂದು ಸ್ಟ್ರಕ್ಚರಲ್ ಎಂಜಿನಿಯರರಿಗೆ ವಾಟ್ಸಾಪಿನಲ್ಲಿ ಕಳುಹಿಸಿ ಟಿಕ್ ಹಾಕಿದ್ದೆ. ಅವರು ಅದನ್ನು ತೆರೆದೇ ಇರಲಿಲ್ಲ. 3 ವಾರಗಳ ಹಿಂದಿನ ಆ ಸಂದೇಶ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿತ್ತು. ತಪ್ಪು ಅವರದೆನ್ನಲು ಬಾಯಿ ಬರಲಿಲ್ಲ, ಏಕೆಂದರೆ 3 ವಾರ ನಾನೂ ಕೇಳಿರಲಿಲ್ಲ. ಆ ದಿನ ಸೈಟಿಗೆ ಬಂದ 4 ಜನ ಆಳುಗಳ ಪಗಾರವನ್ನು ಮನೆಯ ಯಜಮಾನರು ನನ್ನ ಫೀಯಲ್ಲೇ ಮುರಿದುಕೊಂಡರು.

ಅದಾದ ಮೇಲೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆ್ಯಪ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆ. ತೆರೆದ ಕೂಡಲೇ ಹೆಚ್ಚಿನವು ನಿಮ್ಮ ತಂಡದವರನ್ನು ಸೇರಿಸಿ ಎನ್ನುತ್ತವೆ. ಅಲ್ಲಿ ಸೇರಿಸಲು ನಮ್ಮ ಮನೆಯ ಬೆಕ್ಕಿನ ಹೊರತು ನನಗೆ ಯಾರೂ ಇಲ್ಲ. ಡಿಪ್ಲೊಮಾದಲ್ಲಿ ಪರ್ಟ್, ಸಿಪಿಎಂ, ಬಾರ್ ಚಾರ್ಟ್ ಎಂಬ ಯೋಜನೆಯ ವೇಳಾಪಟ್ಟಿ ಹಾಕುವ ವಿಧಾನಗಳೆಲ್ಲವನ್ನೂ ಓದಿದ್ದೇನೆ. ಆದರೆ ಅವುಗಳಲ್ಲಿ ಯಾವುದೂ ನನ್ನ ಆಫೀಸಿಗೆ ಹೇಗೆ ಹೊಂದುತ್ತದೆಂಬುದು ತಿಳಿಯುತ್ತಿಲ್ಲ. ಒಬ್ಬರೇ ಕೆಲಸ ಮಾಡುವವರು ನಿಜವಾಗಿ ಏನನ್ನು ಬಳಸುತ್ತೀರಿ? ಫೋನಿನಲ್ಲಿ ಕನ್ನಡದಲ್ಲಿ ಬರೆಯಲು ಬರಬೇಕು, ಸೈಟಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯಬೇಕು, ತಿಂಗಳು ತಿಂಗಳು ಹಣ ಕಟ್ಟುವಂತಿದ್ದರೆ ಅಷ್ಟು ಹಣಕ್ಕೆ ಅದು ತಕ್ಕುದಾಗಿರಬೇಕು.

ಉತ್ತರ 1 (ಉದ್ಯಮಬಾಗ, ಬೆಳಗಾವಿ)

ಮೇಡಂ, ನಾನು ಇಲ್ಲಿನ ಫೌಂಡ್ರಿಗಳಿಗೆ ಪ್ಯಾಟರ್ನ್ (ಎರಕದ ಮಾದರಿ) ಡ್ರಾಯಿಂಗ್ ಮಾಡಿಕೊಡುವವನು, ನಿಮ್ಮಂತೆಯೇ ಒಬ್ಬನೇ. ನಿಮ್ಮ ಪ್ರಶ್ನೆಗೆ ಉತ್ತರ ನೀವು ಹೇಳಿದ ಘಟನೆಯಲ್ಲೇ ಇದೆ. ನಿಮ್ಮ ಡೈರಿಯ ಟಿಕ್ ‘ನನ್ನ ಪಾಲಿನದು ಮುಗಿಯಿತು’ ಎಂಬುದನ್ನೂ ‘ಕೆಲಸ ಮುಗಿಯಿತು’ ಎಂಬುದನ್ನೂ ಒಂದೇ ಗುರುತಿನಿಂದ ಹೇಳುತ್ತಿತ್ತು. ನಾಲ್ಕು ಜನರಿರುವ ಆಫೀಸಿನಲ್ಲಿ ಯಾರಾದರೊಬ್ಬರು ‘ಆ ಸ್ಲ್ಯಾಬಿನದು ಏನಾಯಿತು’ ಎಂದು ಕೇಳುತ್ತಾರೆ. ನಮ್ಮನ್ನು ಹಾಗೆ ಕೇಳುವವರು ಯಾರೂ ಇಲ್ಲ. ಹಾಗಾಗಿ ನಮಗೆ ಬೇಕಾದ ಸಾಧನಕ್ಕೆ ಕೆಲಸ ಹಂಚುವ ಸಾಮರ್ಥ್ಯ ಬೇಡ. ಯಾವ ಕೆಲಸ ಯಾರ ಕಡೆ ಎಷ್ಟು ದಿನದಿಂದ ನಿಂತಿದೆ ಎಂದು ಕೇಳುವ ಗುಣ ಬೇಕು. ಯಾವ ಆ್ಯಪ್ ತೆರೆದರೂ ಮೊದಲು ಇದೊಂದನ್ನು ನೋಡಿರಿ.

ನಮ್ಮ ತಂದೆಯವರ ಕಿರಾಣಿ ಅಂಗಡಿಯಲ್ಲಿ ಎರಡು ವಹಿಗಳಿದ್ದವು. ಒಂದು ಕಿರ್ದಿ: ಆ ದಿನ ಆದದ್ದನ್ನೆಲ್ಲ ಆದ ಕ್ರಮದಲ್ಲಿಯೇ ಬರೆಯುವುದು. ಇನ್ನೊಂದು ಖಾತೆ: ರಾತ್ರಿ ಅಂಗಡಿ ಮುಚ್ಚುವ ಮೊದಲು ಕಿರ್ದಿಯಿಂದ ಎತ್ತಿ ಆಸಾಮಿವಾರು ಏರಿಸುವುದು. ಕಿರ್ದಿ ಒಂದನ್ನೇ ಇಟ್ಟರೆ ಯಾರಿಂದ ಎಷ್ಟು ಉದ್ರಿ ಬರಬೇಕೆಂಬುದು ತಿಳಿಯುವುದಿಲ್ಲ. ನಿಮ್ಮ ಡೈರಿ ಕಿರ್ದಿ. ನಿಮ್ಮಲ್ಲಿ ಇಲ್ಲದಿರುವುದು ಖಾತೆ. ಡೈರಿಯನ್ನು ಬಿಡಬೇಡಿ, ಅದರ ಪಕ್ಕದಲ್ಲಿ ಖಾತೆಯನ್ನು ಇಡಿ.

ನಾನು ಇದಕ್ಕೆ ಗೂಗಲ್ ಶೀಟ್ಸ್ ಬಳಸುತ್ತೇನೆ. ಒಂದು ಕೆಲಸಕ್ಕೆ ಒಂದು ಸಾಲು. ಕಾಲಂಗಳು ಐದೇ: ಕೆಲಸ, ಮುಂದಿನ ಹೆಜ್ಜೆ, ಯಾರ ಕಡೆ, ಯಾವ ತಾರೀಖಿನಿಂದ, ಎಷ್ಟು ದಿನವಾಯಿತು. ಕೊನೆಯ ಕಾಲಂ ಇಂದಿನ ತಾರೀಖಿನಿಂದ ನಾಲ್ಕನೆಯ ಕಾಲಮಿನ ತಾರೀಖನ್ನು ತಾನೇ ಕಳೆದುಕೊಳ್ಳುತ್ತದೆ. 7 ದಿನ ದಾಟಿದರೆ ಶೀಟಿನ ಆ ಚೌಕ ಹಳದಿಯಾಗುವಂತೆ, 15 ದಾಟಿದರೆ ಕೆಂಪಾಗುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಇಟ್ಟಿದ್ದೇನೆ. ಈ ಹೊತ್ತು ನನ್ನ ಶೀಟಿನಲ್ಲಿರುವ ಒಂದು ಸಾಲು ಹೀಗಿದೆ: ‘ಪಂಪ್ ಕೇಸಿಂಗ್ ಪ್ಯಾಟರ್ನ್ — ಲೋಹ ಯಾವುದೆಂದು ಖಚಿತವಾಗಬೇಕು — ಫೌಂಡ್ರಿ ಕಡೆ — 11 ದಿನ’. ಎರಕ ತಣ್ಣಗಾಗುವಾಗ ಬೂದು ಬೀಡಿಗೆ (ಗ್ರೇ ಕಾಸ್ಟ್ ಐರನ್) ಕುಗ್ಗುವಿಕೆ ಸುಮಾರು ಶೇ. 1, ಉಕ್ಕಿಗೆ ಸುಮಾರು ಶೇ. 2 ಹಿಡಿಯಬೇಕಾದ್ದರಿಂದ, ಲೋಹ ಯಾವುದೆಂದು ಅವರು ಹೇಳುವವರೆಗೆ ನಾನು ಒಂದು ಅಳತೆಯನ್ನೂ ಅಂತಿಮಗೊಳಿಸುವಂತಿಲ್ಲ. ಡೈರಿಯಲ್ಲಾಗಿದ್ದರೆ ಇದು ‘ಫೌಂಡ್ರಿಗೆ ಫೋನ್ ಮಾಡಿದೆ’ ಎಂಬ ಟಿಕ್ ಆಗಿ ಎಂದೋ ಕಣ್ಮರೆಯಾಗುತ್ತಿತ್ತು.

ಒಂದು ನಿಯಮವನ್ನು ಮಾತ್ರ ಮುರಿಯುವುದಿಲ್ಲ: ‘ಯಾರ ಕಡೆ’ ಎಂಬ ಕಾಲಂ ಎಂದಿಗೂ ಖಾಲಿ ಇರಬಾರದು. ನನ್ನ ಕಡೆ ಇದ್ದರೆ ‘ನಾನು’ ಎಂದೇ ಬರೆಯುತ್ತೇನೆ. ಫೋನಿನ ಶೀಟ್ಸ್ ಆ್ಯಪಿನಲ್ಲಿ ಆ ಕಡತವನ್ನು ಆಫ್‌ಲೈನ್ ಎಂದು ಗುರುತಿಸಿಟ್ಟರೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುತ್ತದೆ, ತಿದ್ದಿದ್ದು ಮುಂದೆ ನೆಟ್‌ವರ್ಕ್ ಸಿಕ್ಕಾಗ ತಾನೇ ಸೇರಿಕೊಳ್ಳುತ್ತದೆ.

ಪರ್ಟ್, ಸಿಪಿಎಂ ಬಗ್ಗೆ ಚಿಂತಿಸಬೇಡಿ. ಸಿಪಿಎಂ 1957ರ ಸುಮಾರಿಗೆ ಡ್ಯೂಪಾಂಟ್ ಕಂಪನಿಯ ಕಾರ್ಖಾನೆಗಳಿಗಾಗಿ, ಪರ್ಟ್ 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗಾಗಿ ಹುಟ್ಟಿದವು. ಸಾವಿರಾರು ಕೆಲಸಗಳು, ನೂರಾರು ಗುತ್ತಿಗೆದಾರರು ಇದ್ದಲ್ಲಿ ಯಾವುದು ತಡವಾದರೆ ಇಡೀ ಯೋಜನೆ ತಡವಾಗುತ್ತದೆಂದು ಲೆಕ್ಕ ಹಾಕುವ ವಿಧಾನಗಳು ಅವು. ಕಟ್ಟುವವರಿಗೆ ಬಾರ್ ಚಾರ್ಟ್ ಬೇಕು. ಪ್ಲಾನ್ ಬರೆಯುವ ನಿಮಗೆ ಬೇಡ.

ಉತ್ತರ 2 (ಸ್ಟೇಷನ್ ರಸ್ತೆ, ವಿಜಯಪುರ)

ಮೇಲಿನವರು ಹೇಳಿದ ತತ್ತ್ವವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಶೀಟನ್ನು ಮಾತ್ರ ಒಪ್ಪಲಾರೆ. ಕಂಪ್ಯೂಟರಿನಲ್ಲಿ ಶೀಟು ಚಂದ, 6 ಇಂಚಿನ ಫೋನಿನಲ್ಲಿ ಐದು ಕಾಲಂಗಳನ್ನು ಬಿಸಿಲಿನಲ್ಲಿ ನಿಂತು ಸರಿಸುತ್ತಾ ಓದುವುದು ಕಷ್ಟ. ನಾನು ಪುಸ್ತಕ, ಪ್ರಬಂಧಗಳ ಡಿಟಿಪಿ ಮಾಡುವವನು. ನನ್ನ ಕೆಲಸವೆಲ್ಲ ನಿಲ್ಲುವುದು ಒಂದೇ ಕಡೆ: ಲೇಖಕರ ಮನೆಯಲ್ಲಿ, ಪ್ರೂಫಿನ ರೂಪದಲ್ಲಿ. ಎರಡನೆಯ ಪ್ರೂಫ್ ತೆಗೆದುಕೊಂಡು ಹೋದವರು ಮಗಳ ಮದುವೆ ಮುಗಿಸಿಕೊಂಡು ಬಂದದ್ದೂ ಉಂಟು.

ನಾನು 4 ವರ್ಷದಿಂದ ಟ್ರೆಲ್ಲೊ ಎಂಬ ಆ್ಯಪ್ ಬಳಸುತ್ತಿದ್ದೇನೆ. ಒಂದೇ ಬೋರ್ಡ್, ಅದರಲ್ಲಿ ಐದು ಪಟ್ಟಿಗಳು: ಬರಬೇಕಾದದ್ದು, ಕೈಯಲ್ಲಿರುವುದು, ಪ್ರೂಫಿಗೆ ಹೋದದ್ದು, ಮುದ್ರಣಕ್ಕೆ ಹೋದದ್ದು, ಹಣ ಬರಬೇಕಾದದ್ದು. ಪುಸ್ತಕಕ್ಕೊಂದು ಕಾರ್ಡು. ಉಚಿತ ಖಾತೆಯಲ್ಲಿ 10 ಬೋರ್ಡುಗಳವರೆಗೆ ಅವಕಾಶವಿದೆ, ಕಾರ್ಡುಗಳಿಗೆ ಮಿತಿ ಇಲ್ಲ. ಒಬ್ಬರ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಅದರಲ್ಲಿ ಕಾರ್ಡ್ ಏಜಿಂಗ್ ಎಂಬ ಒಂದು ಪವರ್-ಅಪ್ (ಬೇಕಾದರೆ ಸೇರಿಸಿಕೊಳ್ಳುವ ಸೌಲಭ್ಯ) ಇದೆ. ಬಹಳ ದಿನ ಯಾರೂ ಮುಟ್ಟದ ಕಾರ್ಡು ತಾನಾಗಿಯೇ ಮಸುಕಾಗುತ್ತಾ ಹೋಗುತ್ತದೆ. ಬೆಳಗಾವಿಯವರ ಕೆಂಪು ಬಣ್ಣದ ಕೆಲಸವನ್ನು ಇಲ್ಲಿ ಮಾಸಿದ ಕಾಗದ ಮಾಡುತ್ತದೆ. (ಕಡಲ್ಗಳ್ಳರ ನಕ್ಷೆಯಂತೆ ಕಾರ್ಡು ಹರಿದು ಹಳದಿಯಾಗುವ ಆಯ್ಕೆಯೂ ಇದೆ. ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಹರಿದ ಕಾರ್ಡು ಕಂಡ ದಿನ ಲೇಖಕರಿಗೆ ಫೋನ್ ಮಾಡದೆ ಊಟಕ್ಕೆ ಏಳುವುದಿಲ್ಲ.)

ಒಂದು ಮಾತನ್ನು ಹೇಳಲೇಬೇಕು. ಈ ಪಟ್ಟಿಗಳ ಪದ್ಧತಿಗೆ ಕಾನ್‌ಬಾನ್ ಎನ್ನುತ್ತಾರೆ. ಟೊಯೋಟಾ ಕಾರ್ಖಾನೆಯಲ್ಲಿ ತೈಇಚಿ ಓನೊ ಅವರು ರೂಪಿಸಿದ್ದು. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಫಲಕ ಎಂದರ್ಥ. ಅಲ್ಲಿ ಕಾರ್ಡುಗಳ ಸಂಖ್ಯೆಯೇ ಮಿತಿಯಾಗಿತ್ತು: ಕಾರ್ಡು ಮರಳಿ ಬಾರದೆ ಹಿಂದಿನ ವಿಭಾಗ ಹೊಸ ಭಾಗ ತಯಾರಿಸುವಂತಿರಲಿಲ್ಲ. ನಾವು ಪಟ್ಟಿಗಳನ್ನು ಮಾತ್ರ ಎತ್ತಿಕೊಂಡು ಮಿತಿಯನ್ನು ಅಲ್ಲೇ ಬಿಟ್ಟುಬಂದಿದ್ದೇವೆ. ‘ಕೈಯಲ್ಲಿರುವುದು’ ಪಟ್ಟಿಯಲ್ಲಿ ನಾನು 3 ಕಾರ್ಡುಗಳಿಗಿಂತ ಹೆಚ್ಚು ಇಡುವುದಿಲ್ಲ. ಶ್ರಾವಣದ ಹೊತ್ತಿಗೆ 15 ಮನೆಗಳನ್ನೂ ‘ಕೈಯಲ್ಲಿದೆ’ ಎಂದು ಹಾಕಿದರೆ ಬೋರ್ಡು ಇದ್ದೂ ಇಲ್ಲದಂತೆ.

ಎರಡು ತೊಡಕುಗಳನ್ನೂ ತಿಳಿದಿರಿ. ಉಚಿತ ಖಾತೆಯಲ್ಲಿ ಒಂದು ಕಡತ 10 ಎಂಬಿ ಮೀರುವಂತಿಲ್ಲ. ಆದ್ದರಿಂದ ಡ್ರಾಯಿಂಗನ್ನು ಡ್ರೈವಿನಲ್ಲಿಟ್ಟು ಅದರ ಕೊಂಡಿಯನ್ನು ಮಾತ್ರ ಕಾರ್ಡಿಗೆ ಅಂಟಿಸಿ. ಇನ್ನು ಕನ್ನಡದ ವಿಷಯ: ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಯೂನಿಕೋಡಿನಲ್ಲೇ ಬರೆಯಿರಿ. ಸೈಟಿನಲ್ಲಿ ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೂ ಸಾಕು, ಅಕ್ಷರಗಳು ತಾವೇ ಮೂಡುತ್ತವೆ. ಗೌಂಡಿಗಳ ಹೆಸರುಗಳಲ್ಲಿ ಮಾತ್ರ ಅದು ಆಗಾಗ ಎಡವುತ್ತದೆ.

ಉತ್ತರ 3 (ಬನಹಟ್ಟಿ)

ಗೋಡೆಗೆ ಒಂದು ಬಿಳಿ ಬೋರ್ಡು, ಎರಡು ಬಣ್ಣದ ಪೆನ್ನು. ನಾನು ಸೀರೆಯ ಡಿಸೈನ್ ಗ್ರಾಫ್ ಬರೆದುಕೊಡುವವನು, 9 ವರ್ಷಗಳಿಂದ ಇಷ್ಟೇ. ಕರೆಂಟು ಹೋದರೂ ಕಾಣುತ್ತದೆ. ಮೇಡಂ ಅವರು ಅರ್ಧ ದಿನ ಸೈಟಿನಲ್ಲಿರುವವರಾದ್ದರಿಂದ ಅವರಿಗೆ ಇದು ಸಾಲದಿರಬಹುದು, ಕುಳಿತಲ್ಲೇ ಕೆಲಸ ಮಾಡುವ ನನ್ನಂಥವರಿಗೆ ಧಾರಾಳವಾಗಿ ಸಾಕು.

ಉತ್ತರ 4 (ಟಿಳಕವಾಡಿ, ಬೆಳಗಾವಿ)

ನಾನು ತೆರಿಗೆ ಲೆಕ್ಕದ ಕೆಲಸ ಮಾಡುವವಳು. ಇಲ್ಲಿ ಚರ್ಚೆಗೆ ಬಾರದ ಒಂದು ಅಂಶವಿದೆ. ಶೀಟು ಕೆಂಪಾಗುತ್ತದೆ, ಕಾರ್ಡು ಮಾಸುತ್ತದೆ, ನಿಜ. ಆದರೆ ನಾವಾಗಿಯೇ ತೆರೆದು ನೋಡದಿದ್ದರೆ ಎರಡೂ ಮೌನವಾಗಿರುತ್ತವೆ. ಅಕ್ಕಾವರೇ, ನೀವು ದಣಿದು ಮನೆಗೆ ಬಂದ ದಿನವೇ ಅದನ್ನು ತೆರೆಯುವುದಿಲ್ಲ, ತಪ್ಪು ಆಗುವುದೂ ಆ ದಿನವೇ. ಆದ್ದರಿಂದ ಖಾತೆ ಯಾವುದಾದರೂ ಇರಲಿ, ಅದರ ಜೊತೆಗೆ ಗಂಟೆ ಬಾರಿಸುವ ಒಂದು ಸಾಧನ ಇರಲೇಬೇಕು. ನನಗೆ ಜಿಎಸ್‌ಟಿ ರಿಟರ್ನ್‌ಗಳಲ್ಲಿ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಮುಂಗಡ ತೆರಿಗೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳುಗಳ 15 — ಇವೆಲ್ಲವೂ ಮರುಕಳಿಸುವ ದಿನಗಳು. ಇವನ್ನು ಫೋನಿನ ಕ್ಯಾಲೆಂಡರಿನಲ್ಲಿ ಒಮ್ಮೆ ಹಾಕಿದ್ದೇನೆ, ಅದು ತಾನೇ ಕೂಗುತ್ತದೆ. ಯಾರಿಗಾದರೂ ಏನನ್ನಾದರೂ ಕಳುಹಿಸಿದ ಕ್ಷಣದಲ್ಲೇ, ಫೋನು ಕೆಳಗಿಡುವ ಮುನ್ನ, ‘ಇಂಥವರನ್ನು ಕೇಳಬೇಕು’ ಎಂದು 4 ದಿನ ಮುಂದಿನ ತಾರೀಖಿಗೆ ಒಂದು ನೆನಪನ್ನು ಹಾಕಿಡುತ್ತೇನೆ. ಕಳುಹಿಸುವುದೂ ನೆನಪು ಹಾಕುವುದೂ ಒಂದೇ ಕೆಲಸದ ಎರಡು ಕೈಗಳೆಂದು ತಿಳಿಯಿರಿ.

ನೋಷನ್ ಎಂಬ ಆ್ಯಪ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನನ್ನ ಕಥೆಯನ್ನೇ ಹೇಳುತ್ತೇನೆ. ಒಂದೇ ಪಟ್ಟಿಯನ್ನು ಕೋಷ್ಟಕವಾಗಿ, ಬೋರ್ಡಾಗಿ, ಕ್ಯಾಲೆಂಡರಾಗಿ ಮೂರು ರೀತಿಯಲ್ಲಿ ಅದು ತೋರಿಸುತ್ತದೆ, ಒಬ್ಬರ ಬಳಕೆಗೆ ಉಚಿತವೂ ಹೌದು. ಅದರಲ್ಲಿ ನಾನು 2 ವಾರ ಕುಳಿತು ಪುಟಗಳಿಗೆ ಚಿತ್ರ, ಬಣ್ಣ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಎಲ್ಲ ಹಾಕಿ ಒಂದು ಅರಮನೆ ಕಟ್ಟಿದೆ. ಆ 2 ವಾರಗಳಲ್ಲಿ ಒಬ್ಬ ಕಕ್ಷಿದಾರರ ಲೆಕ್ಕವೂ ಮುಂದೆ ಸರಿಯಲಿಲ್ಲ. ಸಾಧನದ ದೋಷವಲ್ಲ ಅದು. ಅಲಂಕಾರಕ್ಕೆ ಅವಕಾಶ ಕೊಡುವ ಸಾಧನ ನನ್ನಂಥ ಸ್ವಭಾವದವರಿಗೆ ಆಗಿಬರುವುದಿಲ್ಲ. ದಿನಕ್ಕೆ 10 ನಿಮಿಷಕ್ಕಿಂತ ಹೆಚ್ಚು ಹೊತ್ತು ಕೇಳುವ ಯಾವ ಪದ್ಧತಿಯನ್ನೂ ಒಬ್ಬರೇ ದುಡಿಯುವವರು ಇಟ್ಟುಕೊಳ್ಳಬಾರದೆಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಆ ಹೊತ್ತಿಗೆ ಯಾರೂ ನಮಗೆ ಬಿಲ್ಲು ಕಟ್ಟುವುದಿಲ್ಲ.

ಹಣ ಕೊಟ್ಟು ಕೊಳ್ಳುವುದಾದರೆ ಇನ್ನೊಂದು ಎಚ್ಚರಿಕೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲು ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ತಿಳಿಸಬೇಕು. ನಿಯಮ ನಮ್ಮ ಒಳ್ಳೆಯದಕ್ಕೇ ಇದೆ. ಆದರೆ ವಿದೇಶಿ ಆ್ಯಪ್ ಒಂದು ಈ ಒಪ್ಪಿಗೆಯನ್ನು ಸರಿಯಾಗಿ ನೋಂದಾಯಿಸದ ಕಾರಣ ನನ್ನ ಚಂದಾ ನಡುವೆಯೇ ನಿಂತು, ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ ಖಾತೆ ಉಚಿತ ಮಟ್ಟಕ್ಕೆ ಇಳಿದುಬಿಟ್ಟಿತ್ತು. ಉಚಿತ ಆ್ಯಪ್‌ಗಳೂ ಶಾಶ್ವತವಲ್ಲ. ವಂಡರ್‌ಲಿಸ್ಟ್ ಎಂಬ ಸೊಗಸಾದ ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ 6ರಂದು ಮುಚ್ಚಿತು. ಪಟ್ಟಿಗಳನ್ನು ಮೈಕ್ರೋಸಾಫ್ಟ್ ಟು-ಡೂಗೆ ಸಾಗಿಸಲು ಅವಕಾಶ ಕೊಟ್ಟಿದ್ದರೆನ್ನಿ. ಆದ್ದರಿಂದ ಮೊದಲ ದಿನವೇ ನಾಲ್ಕು ಸುಳ್ಳು ಕೆಲಸಗಳನ್ನು ತುಂಬಿ, ಅವನ್ನು ಹೊರಗೆ ತೆಗೆದು, ಎಕ್ಸೆಲ್‌ನಲ್ಲಿ ತೆರೆದು ನೋಡಿ. ಟ್ರೆಲ್ಲೊದ ಉಚಿತ ಖಾತೆಯಿಂದ ಜೇಸನ್ ಎಂಬ ಮಾದರಿಯಲ್ಲಿ ಮಾತ್ರ ಹೊರತೆಗೆಯಬಹುದು, ಅದು ನೇರವಾಗಿ ಓದಲು ಬರುವಂಥದ್ದಲ್ಲ. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಬೇಕಾದರೆ ಹಣ ಕಟ್ಟಬೇಕು. ಈ ವಿಷಯದಲ್ಲಿ ಶೀಟ್ಸ್ ಮುಂದಿದೆ.

ಉತ್ತರ 1 ಬರೆದವರಿಂದ ಮತ್ತೆ (ಉದ್ಯಮಬಾಗ, ಬೆಳಗಾವಿ)

ಟಿಳಕವಾಡಿಯ ಮೇಡಂ ಅವರ ಮಾತು ಸರಿ, ಶೀಟು ಕೂಗುವುದಿಲ್ಲ. ನಾನು ಬೆಳಿಗ್ಗೆ ಚಹಾದ ಜೊತೆ ತೆರೆಯುವ ಅಭ್ಯಾಸ ಇಟ್ಟುಕೊಂಡಿದ್ದರಿಂದ ಆ ಕೊರತೆ ನನಗೆ ಕಾಣಲಿಲ್ಲ. ವಿಜಯಪುರದವರ ‘ಹಣ ಬರಬೇಕಾದದ್ದು’ ಎಂಬ ಪಟ್ಟಿಯನ್ನು ನಾನು ಈಗಲೇ ಎತ್ತಿಕೊಳ್ಳುತ್ತೇನೆ. ನನ್ನ ಶೀಟಿನಲ್ಲಿ ಡ್ರಾಯಿಂಗ್ ಹೋದ ದಿನವೇ ಸಾಲನ್ನು ಅಳಿಸುತ್ತಿದ್ದೆ, ಹಣ ಬರುವವರೆಗೆ ಉಳಿಸುತ್ತಿರಲಿಲ್ಲ. ಉದ್ಯಮ್ ನೋಂದಣಿ ಇರುವ ಕಿರು ಉದ್ಯಮಕ್ಕೆ 2006ರ ಎಂಎಸ್‌ಎಂಇಡಿ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಬರಹದ ಕರಾರು ಇಲ್ಲದಿದ್ದರೆ 15 ದಿನಗಳಲ್ಲಿ, ಕರಾರು ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಎಷ್ಟು ದಿನವಾಯಿತೆಂಬ ಲೆಕ್ಕವೇ ನಮ್ಮಲ್ಲಿ ಇಲ್ಲದಿದ್ದರೆ ಆ ಕಾಯ್ದೆಯ ಹೆಸರೆತ್ತಲು ಮುಖ ಎಲ್ಲಿಂದ ಬರಬೇಕು?

ಪ್ರಶ್ನೆ ಕೇಳಿದವರಿಂದ, 3 ವಾರಗಳ ನಂತರ (ನವನಗರ, ಬಾಗಲಕೋಟೆ)

ಎಲ್ಲರಿಗೂ ಧನ್ಯವಾದಗಳು. ಮೊದಲ ವಾರ ಟ್ರೆಲ್ಲೊ ಇಟ್ಟುಕೊಂಡೆ. ಫೋನಿನಲ್ಲಿ ಅದು ನಿಜಕ್ಕೂ ಸಲೀಸು. ಆದರೆ ನನ್ನ ಒಂದೊಂದು ಮನೆಯೂ ಏಕಕಾಲಕ್ಕೆ ಎರಡು ಕಡೆ ನಿಂತಿರುತ್ತದೆ: ಎಲಿವೇಷನ್ (ಮುಂಭಾಗದ ಚಿತ್ರ) ಮನೆಯವರ ಕಡೆ, ಕಬ್ಬಿಣದ ಡ್ರಾಯಿಂಗ್ ಎಂಜಿನಿಯರರ ಕಡೆ. ಒಂದು ಕಾರ್ಡು ಎರಡು ಪಟ್ಟಿಗಳಲ್ಲಿ ಇರಲಾರದು. ಕಾರ್ಡನ್ನು ಎರಡು ಮಾಡಿದೆ, ಆಗ ಮನೆಯ ಲೆಕ್ಕ ತಪ್ಪಿತು. ಪುಸ್ತಕ ಒಮ್ಮೆಗೆ ಒಂದೇ ಕಡೆ ಇರುತ್ತದೆ, ಮನೆ ಹಾಗಲ್ಲ. ವಿಜಯಪುರದವರಿಗೆ ಹೊಂದಿದ್ದು ನನಗೆ ಹೊಂದದಿರಲು ಇದೇ ಕಾರಣವೆಂದು ತೋರುತ್ತದೆ. ಎರಡನೆಯ ವಾರ ಶೀಟಿಗೆ ಬಂದೆ. ಮನೆಗೊಂದು ಸಾಲಿನ ಬದಲು ನಿಂತ ಕೆಲಸಕ್ಕೊಂದು ಸಾಲು ಮಾಡಿ, ಮೊದಲ ಕಾಲಮಿನಲ್ಲಿ ಮನೆಯ ಹೆಸರಿಟ್ಟೆ. ಮನೆಯ ಹೆಸರಿನಿಂದ ಫಿಲ್ಟರ್ ಮಾಡಿದರೆ ಆ ಮನೆಯ ಖಾತೆ, ‘ಯಾರ ಕಡೆ’ ಎಂಬುದರಿಂದ ಮಾಡಿದರೆ ಆ ವ್ಯಕ್ತಿಯ ಖಾತೆ. ಎಂಜಿನಿಯರರಿಗೆ ಈಗ ಬಿಡಿಬಿಡಿಯಾಗಿ ಸಂದೇಶ ಕಳುಹಿಸುವುದಿಲ್ಲ. ಸೋಮವಾರ ಒಮ್ಮೆ ಅವರ ಹೆಸರಿನ ಸಾಲುಗಳನ್ನು ಓದಿ ಹೇಳುತ್ತೇನೆ. ಅವರಿಗೂ ಅದೇ ಅನುಕೂಲವಾಯಿತಂತೆ. ಕಳುಹಿಸಿದ ಕೂಡಲೇ ಕ್ಯಾಲೆಂಡರಿನಲ್ಲಿ 4 ದಿನದ ನೆನಪು ಹಾಕುವುದು ಇನ್ನೂ ಕೈಗೆ ಹತ್ತಿಲ್ಲ, ಎರಡು ಸಲ ಮರೆತೆ.

ಮೊದಲ ಸಲ ಎಲ್ಲ ತುಂಬಿ ಮುಗಿಸಿದ ರಾತ್ರಿ 14 ಮನೆಗಳಿಗೆ 23 ಸಾಲುಗಳಾದವು. ಅವುಗಳಲ್ಲಿ ‘ನಾನು’ ಎಂದಿದ್ದವು 6 ಮಾತ್ರ. ಇಷ್ಟು ದಿನ 14 ಮನೆಗಳ ಭಾರವೂ ನನ್ನ ತಲೆಯ ಮೇಲಿದೆ ಎಂದುಕೊಂಡೇ ನಿದ್ದೆಗೆಡುತ್ತಿದ್ದೆ. ಉಳಿದ 17ರಲ್ಲಿ ಹಳೆಯದು 94 ದಿನದ್ದು: ಅಣ್ಣತಮ್ಮಂದಿರ ಹಿಸ್ಸೆಯಾಗಿ ಉತಾರ (ಆಸ್ತಿಯ ದಾಖಲೆ) ಬರಬೇಕಾದ ಒಂದು ಮನೆ. ಅದಕ್ಕೆ 15 ದಿನಕ್ಕೆ ಕೆಂಪಾಗುವ ನಿಯಮ ಇಟ್ಟರೆ ವರ್ಷವಿಡೀ ಕೆಂಪಾಗಿಯೇ ಇರುತ್ತದೆ, ಕಣ್ಣಿಗೆ ಕೆಂಪು ರೂಢಿಯಾಗಿಬಿಡುತ್ತದೆ. ಅಂಥ ಸಾಲುಗಳನ್ನು ಬೇರೆ ಹಾಳೆಗೆ ಸರಿಸಿ ತಿಂಗಳಿಗೊಮ್ಮೆ ನೋಡುವುದೆಂದು ಸದ್ಯಕ್ಕೆ ಮಾಡಿದ್ದೇನೆ. ಇದಕ್ಕಿಂತ ಒಳ್ಳೆಯ ಉಪಾಯ ಬಲ್ಲವರು ತಿಳಿಸಿರಿ.